ಸೊನ್ನೆ ಬೇರೆ, ಖಾಲಿ ಬೇರೆ: ಮಳೆಮಾಪಕದ ವರದಿಯನ್ನು ಪರೀಕ್ಷಿಸುವ ಬಗೆ

ಮಳೆಗಾಲದಲ್ಲಿ ನಮ್ಮ ಸದಸ್ಯ ಬಾಂಧವರಿಂದ ಈಚೆಗೆ ಹೆಚ್ಚಾಗಿ ಬರುತ್ತಿರುವ ಪ್ರಶ್ನೆ ಇದು: "ತೋಟದ ಕಾಲುವೆ ಉಕ್ಕಿ ಹರಿದಿದೆ, ಲೆಕ್ಕದಲ್ಲಿ ಮಾತ್ರ ಮಳೆಯೇ ಇಲ್ಲ. ಇದು ಹೇಗೆ?" ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೆ ಇತ್ತೀಚಿನ ವರ್ಷಗಳಲ್ಲಿ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತವಿದ್ದು, ಬೆಳೆಗಾರನು ಅದರ ಶೇಕಡಾ 5ರಂತೆ 6,400 ರೂಪಾಯಿ ಕಂತು ಕಟ್ಟುತ್ತಾನೆ. ಕೊಳೆರೋಗದಿಂದ ಉದುರಿದ ಕಾಯಿಗಳನ್ನು ಈ ವಿಮೆಯಲ್ಲಿ ಯಾರೂ ಬಂದು ಎಣಿಸುವುದಿಲ್ಲ. ಮಳೆಮಾಪಕ ಏನು ಹೇಳಿತೋ ಅದರ ಮೇಲೆ ಪರಿಹಾರ ನಿಂತಿದೆ. ಆದ್ದರಿಂದ ಆ ಯಂತ್ರದ ಮಾತನ್ನು ಪರೀಕ್ಷಿಸುವುದು ಹೇಗೆಂದು ನಾವೆಲ್ಲರೂ ತಿಳಿದಿರುವುದು ಒಳ್ಳೆಯದು.

1988ರಲ್ಲಿ ಬರಗಾಲದ ಮೇಲೆ ಕಣ್ಣಿಡುವ ಸಲುವಾಗಿ ಹುಟ್ಟಿದ ಸಂಸ್ಥೆಯೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅದು ಗ್ರಾಮ ಪಂಚಾಯತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕಗಳ ಒಳಗೆ ತಕ್ಕಡಿಯಂತೆ ಎರಡು ಪುಟ್ಟ ಬಟ್ಟಲುಗಳಿವೆ. ಒಂದು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲಕ್ಕೆ ಬರುತ್ತದೆ. ಎಷ್ಟು ಸಲ ವಾಲಿತೆಂಬ ಎಣಿಕೆಯೇ ಮಳೆ. ಸೂರ್ಯಶಕ್ತಿಯ ಹಲಗೆಯಿಂದ ಬ್ಯಾಟರಿಗೆ ವಿದ್ಯುತ್ತು. 15 ನಿಮಿಷಕ್ಕೊಮ್ಮೆ ಈ ಎಣಿಕೆ ಮೊಬೈಲು ಜಾಲದ ಮೂಲಕ ದೂರದ ಸರ್ವರಿಗೆ, ಎಂದರೆ ಹಗಲಿರುಳು ನಡೆಯುವ ಕಂಪ್ಯೂಟರಿಗೆ, ಹೋಗಿ ಸೇರಬೇಕು.

ಗಂಟೆಗೆ 4ರಂತೆ ದಿನಕ್ಕೆ 96 ವರದಿ. 96ಕ್ಕೆ 96 ವರದಿಯೂ ಬಂದು ಮೊತ್ತ ಸೊನ್ನೆಯಾದರೆ "ಮಳೆ ಇಲ್ಲ" ಎಂದು ಯಂತ್ರ ಹೇಳಿದೆ ಎಂದಾಯಿತು. ವರದಿಯೇ ಬಾರದಿದ್ದರೆ ಅದು ಏನನ್ನೂ ಹೇಳಿಲ್ಲ. 60 ವರದಿ ಬಂದು ಮೊತ್ತ 40 ಮಿಲಿಮೀಟರ್ ಎಂದಿದ್ದರೆ, ಅದು 15 ಗಂಟೆಯ ಮಳೆಯೇ ಹೊರತು ಇಡೀ ದಿನದ್ದಲ್ಲ. ಖಾಲಿ ಜಾಗವನ್ನು ಸೊನ್ನೆಯೆಂದು ಕೂಡಿಸಿಬಿಟ್ಟರೆ ಅತಿವೃಷ್ಟಿಯ ದಿನವೂ ಕಾಗದದ ಮೇಲೆ ಒಣದಿನವಾಗುತ್ತದೆ. ಬಿರುಸು ಮಳೆಯ ದಿನವೇ ಜಾಲವೂ ವಿದ್ಯುತ್ತೂ ಕೈಕೊಡುವುದು ನಮ್ಮ ಸೀಮೆಯ ಕರ್ಮ!

ಈ ವಿವೇಕ ನಮ್ಮಲ್ಲಿ ಹೊಸದೇನಲ್ಲ. ಕ್ಯಾಸಲ್‌ರಾಕ್‌ನಿಂದ ಗೋವೆಯ ಕಡೆ ಇಳಿಯುವ ಘಾಟಿ ಹಳಿ 37 ಅಡಿಗೆ 1 ಅಡಿಯ ಇಳಿಜಾರಿನದು. 2023ರ ಜುಲೈನಲ್ಲಿ ಕ್ಯಾಸಲ್‌ರಾಕ್ ಮತ್ತು ಕಾರಂಝೋಳ ನಡುವೆ ಗುಡ್ಡ ಜರಿದು ರೈಲುಗಳನ್ನು ರದ್ದುಪಡಿಸಬೇಕಾಯಿತು. ರೈಲ್ವೆಯ ಮಳೆಗಾಲದ ಗಸ್ತಿನ ಆಳು ಗೊತ್ತಾದ ವೇಳೆಗೆ ಗೊತ್ತಾದ ಜಾಗವನ್ನು ಮುಟ್ಟಿ ಗಸ್ತು ಪುಸ್ತಕ ಒಪ್ಪಿಸಬೇಕು. ಅವನು ಬಂದು "ಹಳಿ ಸರಿಯಿದೆ" ಎಂದರೆ ಸರಿ. ಬಾರದೇ ಹೋದರೆ "ದೂರು ಬಂದಿಲ್ಲ, ಆದ್ದರಿಂದ ಹಳಿ ಸರಿಯಿರಬೇಕು" ಎಂದು ಸ್ಟೇಷನ್ ಮಾಸ್ತರರು ತಿಳಿಯುವುದಿಲ್ಲ. ಸ್ವಲ್ಪ ಹೊತ್ತು ಕಾಯ್ದು, ನಿಧಾನವಾಗಿ ಹೋಗುವಂತೆ ರೈಲಿಗೆ ಎಚ್ಚರಿಕೆ ಚೀಟಿ ಕೊಡುತ್ತಾರೆ. ಆಳು ಬಾರದಿರುವುದೇ ಅಲ್ಲಿ ಸುದ್ದಿ. ದೂರದ ಯಂತ್ರಕ್ಕೂ ಇದೇ ನಿಯಮ ಬೇಕು. ಕಾಯುವ ಹೊತ್ತೂ ಬೇಕು, ಏಕೆಂದರೆ ಒಂದೇ ಒಂದು ವರದಿ ತಪ್ಪಿದ್ದಕ್ಕೆಲ್ಲ ಗಂಟೆ ಬಾರಿಸಿದರೆ ನಾಲ್ಕನೆಯ ದಿನಕ್ಕೆ ಯಾರೂ ಕಿವಿಗೊಡುವುದಿಲ್ಲ. ಸತತ 4 ವರದಿ ತಪ್ಪಿದರೆ ವಿಚಾರಿಸುವುದು ಮರ್ಯಾದೆಯ ಅಳತೆಯೆಂದು ನಮಗೆ ತೋರುತ್ತದೆ.

ಇನ್ನು ಕೊಂಡಿ ಎಲ್ಲಿ ಕಳಚಿತೆಂದು ಹುಡುಕುವ ಬಗೆ. ಮೊದಲು ಪಕ್ಕದ ಪಂಚಾಯತಿಗಳ ಅಂಕಿ ನೋಡಬೇಕು. ಅವೂ ಖಾಲಿಯಿದ್ದರೆ ನಮ್ಮ ಯಂತ್ರವನ್ನು ಬೈದು ಫಲವಿಲ್ಲ. ತೊಂದರೆ ಮೊಬೈಲು ಗೋಪುರದ್ದೋ ಸರ್ವರಿನದ್ದೋ ಇರಬೇಕು. ನಮ್ಮದೊಂದೇ ಖಾಲಿಯಾದರೆ ಬ್ಯಾಟರಿ, ಸಿಮ್ ಅಥವಾ ತಂತಿಯ ಮೇಲೆ ಅನುಮಾನ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಜೊಯಿಡಾದ ಕಾಡಂಚಿನಲ್ಲಿ ಬ್ಯಾಟರಿ ಸೋಲುವುದು ಸಹಜ.

ಹೆಚ್ಚು ಮೋಸದ್ದು ಮೂರನೆಯ ಸ್ಥಿತಿ. ವರದಿ ಚಾಚೂ ತಪ್ಪದೆ ಬರುತ್ತಿದೆ, ಆದರೆ ಪಕ್ಕದೂರಿನಲ್ಲಿ 120 ಮಿಲಿಮೀಟರ್ ಇದ್ದಾಗ ನಮ್ಮಲ್ಲಿ ಸೊನ್ನೆ. ತರಗೆಲೆಯೋ ಜೇಡರ ಬಲೆಯೋ ಲಾಳಿಕೆಯ ಕಂಡಿಯನ್ನು ಮುಚ್ಚಿರುತ್ತದೆ. ಯಂತ್ರ ಬದುಕಿದೆ, ಬಟ್ಟಲು ವಾಲುತ್ತಿಲ್ಲ. ಮೊಬೈಲಿನಿಂದ ನಡೆಯುವ ಪಂಪಿನ ಸ್ಟಾರ್ಟರ್ ಇಟ್ಟುಕೊಂಡವರಿಗೆ ಇದು ಬೇಗ ಅರ್ಥವಾದೀತು: "ಮೋಟಾರು ಶುರುವಾಯಿತು" ಎಂಬ ಸಂದೇಶ ಬಂದಿರುತ್ತದೆ, ಫುಟ್‌ವಾಲ್ವ್ ಸೋರಿ ಗಿಡದ ಬುಡಕ್ಕೆ ಹನಿ ನೀರೂ ಬಂದಿರುವುದಿಲ್ಲ.

ಗಡಿಯಾರದ ತೊಡಕೂ ಒಂದುಂಟು. ಮಳೆಯ ದಿನವೆಂದರೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಅನೇಕ ಸರ್ವರುಗಳು ನಮಗಿಂತ 5 ಗಂಟೆ 30 ನಿಮಿಷ ಹಿಂದಿರುವ ಗ್ರೀನಿಚ್ ಹೊತ್ತಿನಲ್ಲಿ ನಡೆಯುತ್ತವೆ, ನಮ್ಮ 8.30 ಅಲ್ಲಿ 3.00. ದಿನದ ಮೊತ್ತ ತೆಗೆಯುವ ಕೆಲಸವನ್ನು ಅಲ್ಲಿ 8.30ಕ್ಕೆ ಎಂದು ಗೊತ್ತುಪಡಿಸಿದರೆ ಅದು ನಮ್ಮ ಮಧ್ಯಾಹ್ನ 2ಕ್ಕೆ ನಡೆದೀತು. ಜಾಲ ಕೂಡಿದ ಮೇಲೆ ಒಟ್ಟಾಗಿ ಬಂದ ಹಳೆಯ ವರದಿಗಳನ್ನು ಅಳೆದ ಹೊತ್ತಿಗೆ ಸೇರಿಸದೆ ಬಂದ ಹೊತ್ತಿಗೆ ಬರೆದರೆ ನಿನ್ನೆಯ ಮಳೆ ಇಂದಿನದಾಗುತ್ತದೆ. ದಿನವಹಿ ಅಂಕಿಯ ಮೇಲೆ ವಿಮೆ ನಿಂತಿರುವಾಗ ಇದು ಸಣ್ಣ ಮಾತಲ್ಲ.

ಇವನ್ನೆಲ್ಲ ಹಿಡಿಯಲು ನಮ್ಮ ಕೈಯಲ್ಲಿ ಸ್ವಂತದ ಅಳತೆ ಇರಬೇಕು. ಇದು ವಿಮೆಗೆ ಅಧಿಕೃತ ದಾಖಲೆಯಾಗದು, ಆದರೆ ದೂರಿಗೆ ಬಲ ಕೊಡುತ್ತದೆ. ನೆಟ್ಟನೆಯ ಗೋಡೆಯ, ಚಪ್ಪಟೆ ತಳದ ಡಬ್ಬಿ ಸಾಕು. ಬಾಯಿ ಎಷ್ಟೇ ಅಗಲವಿರಲಿ, ನಿಂತ ನೀರಿನ ಎತ್ತರವೇ ಮಿಲಿಮೀಟರ್. 20 ಸೆಂಟಿಮೀಟರ್ ಬಾಯಿಯ ಲಾಳಿಕೆಯನ್ನು ಕ್ಯಾನಿಗೆ ಕೂಡಿಸಿದರೆ 1 ಲೀಟರು ನೀರು ಸುಮಾರು 32 ಮಿಲಿಮೀಟರ್ ಮಳೆಗೆ ಸಮ. ಘಟ್ಟದ ಅಂಚಿನಲ್ಲಿ ಒಂದೇ ದಿನ 200 ಮಿಲಿಮೀಟರ್ ಬಿದ್ದರೆ 6 ಲೀಟರಿಗೂ ಮೇಲೆ ನೀರು ಸೇರುವುದರಿಂದ 10 ಲೀಟರಿನ ಕ್ಯಾನೇ ಇರಲಿ. ಅಡಿಕೆ ಮರದ ಕೆಳಗಾಗಲಿ ಮಾಡಿನ ಪಕ್ಕದಲ್ಲಾಗಲಿ ಇಡದೆ, ಹತ್ತಿರದ ಮರದ ಎತ್ತರದ ಎರಡರಷ್ಟು ದೂರ ಬಿಟ್ಟು ಬಯಲಿನಲ್ಲಿಡಬೇಕು.

ಬೆಳಿಗ್ಗೆ 8.30ಕ್ಕೆ ಅಳೆದು ಡೈರಿಯಲ್ಲಿ ಬರೆದು ನೀರು ಚೆಲ್ಲಬೇಕು. ಅಧಿಕೃತ ಅಂಕಿಯನ್ನು ಪಕ್ಕದಲ್ಲೇ ಬರೆಯಿರಿ. ಬಾರದಿದ್ದ ದಿನ ಸೊನ್ನೆ ಹಾಕದೆ "ಬಂದಿಲ್ಲ" ಎಂದು ಬರೆಯಿರಿ. ಎರಡು ದಿನ ಬಹಳ ವ್ಯತ್ಯಾಸ ಕಂಡರೆ ವಿಮೆಯ ಲೆಕ್ಕ ಮುಗಿಯುವವರೆಗೆ ಕಾಯದೆ, ತಾರೀಖು, ಪಂಚಾಯತಿಯ ಹೆಸರು, ಎರಡೂ ಅಂಕಿ, ಪಕ್ಕದ ಪಂಚಾಯತಿಯ ಅಂಕಿ ಇಷ್ಟನ್ನು ಬರೆದು ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಸಂಘದಲ್ಲೂ ಇರಲಿ. ಒಂದೇ ಪಂಚಾಯತಿಯ ಹತ್ತು ಡೈರಿಗಳು ಒಂದೇ ಮಾತು ಹೇಳಿದರೆ ಅದನ್ನು ಮುಂದಿಟ್ಟು ಕೇಳುವುದು ಸಂಘಕ್ಕೂ ಸುಲಭ.