ಗಟ್ಟಿಮೇಳ ಯಾವಾಗ?

ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್ ಆಗಿ, ಗೈಡ್ ಸಹಿ ಬಿದ್ದ ಸಂಜೆ ಕುಮಾರಸ್ವಾಮಿ ಲೇಔಟ್‌ನ ಪಿಜಿಗಳ ಮುಂದೆ ನಡೆದು ನೋಡಿ. ಒಂದಾದ್ರೂ ರೂಮಿಂದ ಜೋರು ಸಂಗೀತ ಕೇಳುತ್ತೆ. ಕೆಲಸ ಮುಗಿದಾಗ ಕಿವಿಗೆ ಅಬ್ಬರ ಬೇಕು ಅನ್ನಿಸೋದು ಹೊಸದೇನಲ್ಲ. ನಮ್ಮ ಮದುವೆಗಳಲ್ಲಿ ಅದಕ್ಕೊಂದು ಹೆಸರೇ ಇದೆ: ಗಟ್ಟಿಮೇಳ.

ಶಾಸ್ತ್ರಗಳು ನಡೆಯುವಾಗ ನಾದಸ್ವರ ತನ್ನ ಪಾಡಿಗೆ ತಾನು ಹರೀತಿರುತ್ತೆ, ಯಾರೂ ಅಷ್ಟಾಗಿ ಕಿವಿಗೊಡಲ್ಲ. ಮುಹೂರ್ತಕ್ಕೆ ಸರಿಯಾಗಿ ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದ ಕೂಡಲೇ ಡೋಲು ಮೊಳಗುತ್ತೆ, ಅಕ್ಷತೆ ಹಾರುತ್ತೆ. ಆ ಕ್ಷಣದಲ್ಲಿ ಅಪಶಬ್ದ ಕಿವಿಗೆ ಬೀಳಬಾರದು ಅನ್ನೋದು ಹಿರಿಯರು ಹೇಳೋ ಕಾರಣ. ಆದ್ರೆ ಬೆಳಗ್ಗೆಯಿಂದಲೂ ಗಟ್ಟಿಮೇಳವನ್ನೇ ಬಾರಿಸಿದ್ದರೆ? ತಾಳಿ ಕಟ್ಟಿದ್ದು ಊಟದ ಹಾಲ್‌ನಲ್ಲಿ ಕೂತವರಿಗೆ ಗೊತ್ತೇ ಆಗ್ತಿರಲಿಲ್ಲ!

ಅಬ್ಬರ ಹುಟ್ಟೋದು ಅದರ ಹಿಂದಿನ ಮೆಲುದನಿಯಿಂದ. ಬರೀ ವಾದ್ಯಗಳನ್ನು ಹೆಚ್ಚಿಸಿ ಅದನ್ನು ತರೋಕಾಗಲ್ಲ. ಒಂದು ಪಿಟೀಲಿನ ಬದಲು 10 ಪಿಟೀಲು ಕೂರಿಸಿದ್ರೂ ಏರೋದು 10 ಡೆಸಿಬಲ್ ಅಷ್ಟೇ. ನಮ್ಮ ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರು, ಹತ್ತು ಪಟ್ಟಲ್ಲ. ಲಾಗರಿದಮ್ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1808ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿಸಿದ ಬೀಥೋವನ್‌ನ ಐದನೇ ಸಿಂಫನಿ ಈ ಕಾಯಿಸುವ ವಿದ್ಯೆಗೆ ಒಳ್ಳೆ ಪಾಠ. ಅದರ ಆರಂಭದ ನಾಲ್ಕು ಸ್ವರಗಳನ್ನು ಎಲ್ಲರೂ ಕೇಳಿರ್ತಾರೆ. ಅಸಲಿ ಮಜಾ ಇರೋದು ಕೊನೆಯಲ್ಲಿ. ಮೂರನೇ ಭಾಗ ಮುಗಿಯೋ ಹೊತ್ತಿಗೆ ತಂತಿವಾದ್ಯಗಳು ಬಹುತೇಕ ಉಸಿರು ಬಿಗಿಹಿಡಿದು ನಿಂತಿರ್ತವೆ, ಅವುಗಳಡಿ ಟಿಂಪನಿ ಡ್ರಮ್ ಮೆಲ್ಲಗೆ ಬಡೀತಿರುತ್ತೆ. ಕೊನೆಯ ಕೆಲವೇ ಸೆಕೆಂಡುಗಳಲ್ಲಿ ದನಿ ಉಬ್ಬಿ, ನಡುವೆ ಬಿಡುವೇ ಇಲ್ಲದೆ ನಾಲ್ಕನೇ ಭಾಗ ಸಿಡಿಯುತ್ತೆ. ಅಷ್ಟು ಹೊತ್ತು ಸಿ ಮೈನರ್‌ನ ನೆರಳಲ್ಲಿದ್ದದ್ದು ಸಿ ಮೇಜರ್‌ಗೆ ತೆರೆದುಕೊಳ್ಳುತ್ತೆ. ಮೂರು ಟ್ರಾಂಬೋನ್, ಪಿಕೊಲೊ ಕೊಳಲು, ಕಾಂಟ್ರಾಬಸೂನ್ ಮೊದಲ ಮೂರು ಭಾಗಗಳಲ್ಲಿ ಒಂದು ಸ್ವರವನ್ನೂ ನುಡಿಸಿರಲ್ಲ. ಅವುಗಳನ್ನು ಈ ಗಳಿಗೆಗೇ ಕೂಡಿಟ್ಟಿದ್ದ ಪುಣ್ಯಾತ್ಮ.

(ಇದೆಲ್ಲ ನಮ್ಮದಲ್ಲ ಅನ್ನೋರಿಗೆ ಒಂದು ಮಾತು: ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಮೈಸೂರಿನ ಜಯಚಾಮರಾಜ ಒಡೆಯರ್.)

ಹಾಗಾಗಿ ವೈವಾ ಮುಗಿಸಿ ಬಂದ ದಿನ ನೇರ ನಾಲ್ಕನೇ ಭಾಗಕ್ಕೆ ಹಾರಬೇಡಿ, ಮೂರನೆಯದರಿಂದ ಕೇಳಿ. ಶಫಲ್ ಆಫ್ ಇರಲಿ, ಎರಡು ಟ್ರ್ಯಾಕ್‌ಗಳ ನಡುವೆ ಗ್ಯಾಪ್ ಬರದ ಹಾಗೆ ಸೆಟ್ ಮಾಡ್ಕೊಳ್ಳಿ. ಇನ್ನೊಂದು ವಿಷಯ, ಇಯರ್‌ಫೋನ್ ಹಾಕ್ಕೊಂಡು ಮೆಲುದನಿ ಕೇಳಿಸ್ತಿಲ್ಲ ಅಂತ ವಾಲ್ಯೂಮ್ ಏರಿಸಿದ್ರೆ ಮುಂದಿನ ಸಿಡಿತಕ್ಕೆ ಕಿವಿ ಗುಂಯ್ ಅನ್ನುತ್ತೆ. ಮೊದಲು ನಾಲ್ಕನೇ ಭಾಗದ ಆರಂಭವನ್ನು ಐದು ಸೆಕೆಂಡ್ ಹಾಕಿ ವಾಲ್ಯೂಮ್ ಹೊಂದಿಸಿ, ಆಮೇಲೆ ಹಿಂದಕ್ಕೆ ಹೋಗಿ ಶುರು ಮಾಡಿ.