ಹೆಸರು, ಅಕ್ಷರ ಮತ್ತು ಸೂಚಿ: ಕಾರ್ನೆಲ್‌ನ ಐಸ್‌ಲ್ಯಾಂಡಿಕ್ ಸಂಗ್ರಹ

ವಿಷಯ ಗ್ರಂಥಪಾಲಕರನ್ನು ಪುಸ್ತಕಗಳ ಕಾವಲುಗಾರರೆಂದು ಭಾವಿಸುವುದು ರೂಢಿ. ಅವರ ಕೆಲಸವೂ ಸಂಶೋಧನೆಯೇ ಎಂಬುದಕ್ಕೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಐಸ್‌ಲ್ಯಾಂಡಿಕ್ ಸಂಗ್ರಹ ನಿದರ್ಶನ. ಅಲ್ಲಿನ ಮೊದಲ ಗ್ರಂಥಪಾಲಕ ವಿಲ್ಲರ್ಡ್ ಫಿಸ್ಕ್ 1904ರಲ್ಲಿ ನಿಧನರಾದಾಗ ತಾವು ಕೂಡಿಸಿದ್ದ ಗ್ರಂಥರಾಶಿಯನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದರು. 1905ರಲ್ಲಿ ಅದರ ಹೊಣೆ ಹೊತ್ತ ಹಾಲ್‌ಡೋರ್ ಹೆರ್ಮನ್‌ಸನ್ 1948ರವರೆಗೆ ಅದನ್ನು ನೋಡಿಕೊಂಡರು. 1908ರಲ್ಲಿ ‘ಇಸ್ಲಾಂಡಿಕಾ’ ಮಾಲೆಯನ್ನು ಆರಂಭಿಸಿ, 1914ರಲ್ಲಿ ಸಂಗ್ರಹದ ಸೂಚಿಯನ್ನು ಹೊರತಂದರು.

ಇಂಥ ಸೂಚಿಯಲ್ಲಿ ಮೊದಲ ತೊಡಕು ಹೆಸರಿನದು. ಐಸ್‌ಲ್ಯಾಂಡಿನಲ್ಲಿ ಮನೆತನದ ಹೆಸರು ವಿರಳ; ‘ಹೆರ್ಮನ್‌ಸನ್’ ಎಂದರೆ ಹೆರ್ಮನ್ನನ ಮಗ ಎಂದಷ್ಟೇ ಅರ್ಥ. ಆದ್ದರಿಂದ ಅಲ್ಲಿ ಲೇಖಕರನ್ನು ಹುಡುಕುವುದು ಇಟ್ಟ ಹೆಸರಿನಿಂದ. 19ನೆಯ ಶತಮಾನದ ನಾಯಕ ಯೋನ್ ಸಿಗುರ್ದ್‌ಸನ್ ‘ಎಸ್’ ಅಕ್ಷರದಡಿ ಸೇರಿಬಿಟ್ಟರೆ, ಬಲ್ಲ ಓದುಗನಿಗೆ ಅವರ ಕೃತಿ ಇದ್ದೂ ಇಲ್ಲದಂತೆ. (ಊರು, ತಂದೆಯ ಹೆಸರುಗಳ ಮೊದಲಕ್ಷರ ಹೊತ್ತ ಕನ್ನಡ ಹೆಸರುಗಳ ಮುಂದೆ ‘ಉಪನಾಮ’ ಕೇಳುವ ನಮೂನೆಗಳೂ ತಂದೊಡ್ಡುವ ಕಷ್ಟ ಇಂಥದೇ.)

ಡೇನಿಶ್‌ನಲ್ಲಿ ತೊಡಕು ಅಕ್ಷರದ್ದು. 1948ರ ಕಾಗುಣಿತ ಸುಧಾರಣೆಯಲ್ಲಿ ಜೋಡಿ ‘ಎ’ಯ ಬದಲು ಮೇಲೆ ಸೊನ್ನೆಯುಳ್ಳ ಒಂದೇ ‘ಎ’ ಬಂದಿತು. ಅದರ ಸ್ಥಾನ ವರ್ಣಮಾಲೆಯ ಕೊನೆಯಲ್ಲಿ. ಹಳೆಯ ಹಾಗೂ ಹೊಸ ರೂಪಗಳನ್ನು ಬೆಸೆಯುವ ಅಡ್ಡಸೂಚನೆಯನ್ನು ಭಾಷೆ ಬಲ್ಲವರೇ ಬರೆಯಬೇಕಾಗುತ್ತದೆ.