ಪ್ಯಾರಿಸ್ಸಿನ ಮಾರೆ

ಫ್ರೆಂಚ್ ಭಾಷೆಯಲ್ಲಿ 'ಮಾರೆ' ಎಂದರೆ ಜೌಗುನೆಲ. ಪ್ಯಾರಿಸ್ ನಗರದಲ್ಲಿ ಸೇನ್ ನದಿಯ ಬಲದಂಡೆಗಿರುವ ಈ ಹೆಸರಿನ ಬಡಾವಣೆಯಲ್ಲಿ ಇಂದು ಸಾಮಾನ್ಯ ಸಂಬಳದವನು ಮನೆ ಕೊಳ್ಳುವುದು ಆಗದ ಮಾತು. ಜೌಗಿಗೆ ಈ ಬೆಲೆ ಬಂದುದು ಹೇಗೆ?

ನಾಲ್ಕನೆಯ ಹೆನ್ರಿ ದೊರೆ 1605ರಲ್ಲಿ ಇಲ್ಲೊಂದು ಚೌಕವನ್ನು ಕಟ್ಟಿಸತೊಡಗಿದನು. ಅದು ಮುಗಿದುದು 1612ರಲ್ಲಿ, ಅವನು ಸತ್ತ ಮೇಲೆ. ಕೆಂಪು ಇಟ್ಟಿಗೆ, ಬಿಳಿಯ ಕಲ್ಲು, ಒಂದೇ ಅಚ್ಚಿನ ಮನೆಗಳು, ಕೆಳಗೆ ಕಮಾನುಗಳ ಮೊಗಸಾಲೆ. ಸುತ್ತಲೂ ಸರದಾರರ ಮಹಲುಗಳೆದ್ದವು. 1682ರಲ್ಲಿ ಆಸ್ಥಾನವು ವರ್ಸೈಗೆ ಹೋಯಿತು. ಸರದಾರರ ಒಲವೂ ಪಶ್ಚಿಮಕ್ಕೆ ತಿರುಗಿತು. ಮಹಾಕ್ರಾಂತಿಯ ತರುವಾಯ ಮಹಲುಗಳು ಕಾರ್ಖಾನೆಗಳಾದವು, ಅಂಗಳಗಳಲ್ಲಿ ಷೆಡ್ಡುಗಳು ಎದ್ದವು. ಪೂರ್ವ ಯೂರೋಪಿನಿಂದ ಬಂದ ಬಡ ಯೆಹೂದ್ಯರು ಇಲ್ಲಿ ಬಟ್ಟೆ, ಟೋಪಿ ಹೊಲಿದು ಬದುಕಿದರು. 1942ರ ಜುಲೈಯಲ್ಲಿ ಅವರಲ್ಲನೇಕರನ್ನು, ಮಕ್ಕಳನ್ನೂ ಬಿಡದೆ, ಫ್ರೆಂಚ್ ಪೋಲೀಸರೇ ಹಿಡಿದು ಜರ್ಮನರಿಗೆ ಒಪ್ಪಿಸಿದರು. ಮರಳಿದವರು ತೀರ ಕಡಮೆ.

ಶಿಥಿಲವಾಗಿದ್ದ ಮಹಲುಗಳನ್ನುಳಿಸಿದುದು 1962ರ ಶಾಸನ. ಅದನ್ನು ತಂದ ಮಂತ್ರಿ ಆಂದ್ರೆ ಮಾಲ್ರೊ ಕಾದಂಬರಿಕಾರರು. (ಸಾಹಿತಿ ಮಂತ್ರಿಯಾದರೆ ಹೀಗೂ ಆಗುವುದುಂಟು!) 1964ರಲ್ಲಿ ಮಾರೆಯ 126 ಹೆಕ್ಟೇರು ರಕ್ಷಿತ ಪ್ರದೇಶವಾಯಿತು. ಅಂಗಳದ ಷೆಡ್ಡುಗಳನ್ನು ಕಿತ್ತರು, ಮಸಿ ಹಿಡಿದ ಕಲ್ಲನ್ನು ತೊಳೆದರು. ಷೆಡ್ಡಿನಲ್ಲಿ ದುಡಿಯುತ್ತಿದ್ದವರ ಪಾಡೇನು? ಶಾಸನಕ್ಕೆ ಕಲ್ಲಿನ ಮೇಲಿದ್ದ ಅಕ್ಕರೆ ಬಾಡಿಗೆದಾರನ ಮೇಲಿರಲಿಲ್ಲವೆಂದೇ ನನ್ನ ಭಾವನೆ. ದುರಸ್ತಿಯಾದ ಮನೆಗಳ ಬಾಡಿಗೆ ಏರಿತು. ಕಸಬುದಾರರೂ ಬಡವರೂ ಊರಹೊರಗಿನ ಬಡಾವಣೆಗಳಿಗೆ ಸರಿದರು.

ರೋಸಿಯೆ ಬೀದಿಯಲ್ಲಿ ಯೆಹೂದ್ಯರ ತಿಂಡಿಯಂಗಡಿಗಳು ಕೆಲವು ಉಳಿದಿವೆ. ಮಗ್ಗುಲಲ್ಲಿಯೇ ದುಬಾರಿ ಉಡುಪಿನ ಮಳಿಗೆಗಳು.